ಹೊಸ್ತಿಲಾಚೆಯ ಚರಿತ್ರೆ: ಹಳೆಯ ಮನೆಗಳು ಮತ್ತು ನಮ್ಮ ಕೇರಿ

1

‘ಹಳೆಯ ಮನೆ’ ಎಂಬ ಮಾತು ನಮ್ಮ ಕಡೆ ಎಲ್ಲ ಮನೆಗಳಿಗೂ ಸಲ್ಲುವುದಿಲ್ಲ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿ ಸೀಮೆಯ ಯಾವುದೇ ಊರಿಗೆ ಹೋಗಿ ‘ಈ ಊರಾಗ ಹಳೇ ಮನಿ ಯಾವುದೈತ್ರಿ?’ ಎಂದು ಕೇಳಿ ನೋಡಿ. ಜನ ಕೈ ಮಾಡಿ ತೋರಿಸುವುದು ವಾಡೆಯನ್ನು, ಗೌಡರ ಮನೆಯನ್ನು, ಇಲ್ಲವೆ ಮಠವನ್ನು. ಅದೇ ಊರಿನ ಕೇರಿಯೂ ವಾಡೆಯಷ್ಟೇ ಹಳೆಯದು. ಕೇರಿಯ ರಟ್ಟೆಗಳಿಲ್ಲದೆ ಆ ವಾಡೆ ಏಳುತ್ತಲೇ ಇರಲಿಲ್ಲ. ಆದರೂ ಕೇರಿಯ ದಿಕ್ಕಿಗೆ ಯಾರ ಕೈಯೂ ಹೋಗುವುದಿಲ್ಲ, ನಮ್ಮವರ ಕೈ ಕೂಡ. ಒಂದು ಮನೆ ‘ಹಳೆಯದು’ ಅನ್ನಿಸಿಕೊಳ್ಳಲು ಅದಕ್ಕೆ ವಯಸ್ಸಾದರೆ ಸಾಲದು, ಯಜಮಾನಿಕೆಯೂ ಇರಬೇಕು.

ಈ ಮಾತನ್ನು ನಾನು ಎತ್ತಿಕೊಳ್ಳಲು ಕಾರಣ ಒಂದು ಟಿ.ವಿ. ಸರಣಿ. ಬಿಬಿಸಿಯವರು 2018ರಿಂದ ‘ಎ ಹೌಸ್ ಥ್ರೂ ಟೈಮ್’ ಎಂಬ ಸಾಕ್ಷ್ಯಚಿತ್ರ ಮಾಲಿಕೆಯನ್ನು ತೋರಿಸುತ್ತ ಬಂದಿದ್ದಾರೆ. ಇತಿಹಾಸಕಾರ ಡೇವಿಡ್ ಒಲುಸೋಗ ಅದನ್ನು ನಡೆಸಿಕೊಡುತ್ತಾರೆ. ತಂದೆ ನೈಜೀರಿಯಾದವರು, ತಾಯಿ ಇಂಗ್ಲೆಂಡಿನ ಬಿಳಿಯರು. ಮೊದಲ ಮಾಲಿಕೆಯಲ್ಲಿ ಲಿವರ್‌ಪೂಲಿನ ಫಾಕ್ನರ್ ಬೀದಿಯ 62ನೇ ನಂಬರಿನ ಮನೆ. ಆಮೇಲೆ 2019ರಲ್ಲಿ ನ್ಯೂಕ್ಯಾಸಲ್, 2020ರಲ್ಲಿ ಬ್ರಿಸ್ಟಲ್, 2021ರಲ್ಲಿ ಲೀಡ್ಸ್ ನಗರದ ಒಂದೊಂದು ಮನೆ. ಒಂದು ಮನೆಯನ್ನು ಹಿಡಿದು, ಅದು ಕಟ್ಟಿದಂದಿನಿಂದ ಇಂದಿನವರೆಗೆ ಅಲ್ಲಿ ಬಾಳಿದವರ ಕಥೆಯನ್ನು ಒಂದೊಂದಾಗಿ ಬಿಚ್ಚುವುದು ಅದರ ರೀತಿ. ರಾಜರಿಲ್ಲ, ಯುದ್ಧ ಗೆದ್ದವರಿಲ್ಲ. ಗುಮಾಸ್ತರು, ವ್ಯಾಪಾರಿಗಳು, ವಿಧವೆಯರು, ಕೆಲಸದಾಕೆಯರು, ಬಾಡಿಗೆಗಿದ್ದವರು.

ಇದರಲ್ಲಿ ಬ್ರಿಸ್ಟಲ್ಲಿನ ಮನೆಯನ್ನು ವಿಶೇಷವಾಗಿ ಗಮನಿಸಬೇಕು. ಗಿನಿ ಬೀದಿಯ 10ನೇ ನಂಬರಿನ ಆ ಮನೆಯನ್ನು 1718ರಲ್ಲಿ ಕಟ್ಟಿಸಿದವನು ಎಡ್ಮಂಡ್ ಸಾಂಡರ್ಸ್ ಎಂಬ ಹಡಗಿನ ಕಪ್ತಾನ. ಆಫ್ರಿಕಾದ ಜನರನ್ನು ಗುಲಾಮರನ್ನಾಗಿ ಸಾಗಿಸಿದ ದುಡ್ಡಿನಲ್ಲಿ ಎದ್ದ ಮನೆ. ಬೀದಿಯ ಹೆಸರೇ ಆಫ್ರಿಕಾದ ಕರಾವಳಿಯದು. ಈ ಮಾಲಿಕೆ ತೆರೆಗೆ ಬಂದದ್ದು 2020ರ ಮೇ ಕೊನೆಯಲ್ಲಿ. ಜೂನ್ 7ರಂದು ಅದೇ ಬ್ರಿಸ್ಟಲ್ಲಿನಲ್ಲಿ ಗುಲಾಮರ ವ್ಯಾಪಾರಿ ಎಡ್ವರ್ಡ್ ಕೋಲ್‌ಸ್ಟನ್ನನ ಪ್ರತಿಮೆಯನ್ನು ಜನ ಕೆಡವಿ, ಎಳೆದೊಯ್ದು ನೀರಿಗೆ ಹಾಕಿದರು. ಕರಿಯ ಇತಿಹಾಸಕಾರನೊಬ್ಬ ಗುಲಾಮರ ದುಡ್ಡಿನ ಮನೆಯೊಳಗೆ ಮುಂಬಾಗಿಲಿನಿಂದಲೇ ಹೋಗಿ, ‘ಈ ಗೋಡೆಗೆ ದುಡ್ಡು ಎಲ್ಲಿಂದ ಬಂತು’ ಎಂದು ಕೇಳುತ್ತಾನೆ. ಆ ಕೇಳ್ವಿಯ ಎದುರು ಮನೆಯ ಅಂದಚಂದ ಎಲ್ಲಾ ಬೇರೆಯಾಗಿ ಕಾಣಲು ಶುರುವಾಗುತ್ತದೆ. ಇದು ನನಗೆ ಹಿಡಿಸಿತು. ಕೂಡಲೇ ಇನ್ನೊಂದು ಪ್ರಶ್ನೆಯೂ ಬಂತು. ಈ ಕ್ಯಾಮೆರಾ ನಮ್ಮ ಗಿಣಿಗೇರಾಕ್ಕೆ ಬಂದರೆ ಏನನ್ನು ಕಾಣುತ್ತದೆ?

2

ಆ ಸರಣಿ ನಿಂತಿರುವುದು ಕಾಗದದ ಮೇಲೆ. ಇಂಗ್ಲೆಂಡಿನಲ್ಲಿ 1841ರಿಂದ ಜನಗಣತಿಯ ಹಾಳೆಗಳಲ್ಲಿ ಮನೆಮನೆಯ ಪ್ರತಿಯೊಬ್ಬರ ಹೆಸರು ಇದೆ. ಖರೀದಿ ಪತ್ರ, ಉಯಿಲು, ವ್ಯಾಪಾರಿಗಳ ಡೈರೆಕ್ಟರಿ, ಹಳೆಯ ಪತ್ರಿಕೆ, ಕೋರ್ಟಿನ ಕಡತ ಎಲ್ಲವೂ ಉಂಟು. ಅಲ್ಲಿ ಅಡಿಗೆಮನೆಯ ಕೆಲಸದ ಹುಡುಗಿಗೂ ಕಾಗದದ ಒಂದು ಮೂಲೆಯಲ್ಲಿ ಹೆಸರು ಸಿಕ್ಕುತ್ತದೆ. ಬಡವಳಾದರೂ ಆಕೆ ಹೊಸ್ತಿಲ ಒಳಗೆ ಇದ್ದವಳು.

ನಮ್ಮ ಸೀಮೆಯ ಕಥೆ ಬೇರೆ. ಕೊಪ್ಪಳ ನಿಜಾಮರ ಹೈದರಾಬಾದ್ ಸಂಸ್ಥಾನದೊಳಗೆ ಸಾಲಾರ್ ಜಂಗ್ ಮನೆತನದ ಜಾಗೀರು. ಆಡಳಿತದ ಭಾಷೆ ಉರ್ದು. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆಯಿತು, 1949ರಲ್ಲಿ ಜಾಗೀರುಗಳು ರದ್ದಾದವು, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು, 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾಯಿತು. ಇಷ್ಟು ಸಲ ಯಜಮಾನರು ಬದಲಾದರೂ ದಾಖಲೆಯ ಜಾಯಮಾನ ಬದಲಾಗಲಿಲ್ಲ. ಸರ್ಕಾರಕ್ಕೆ ಬೇಕಿದ್ದದ್ದು ಕಂದಾಯ. ಕಂದಾಯ ಬರುವುದು ಹೊಲದಿಂದ. ಹಾಗಾಗಿ ಹೊಲಕ್ಕೆ ಸರ್ವೆ ನಂಬರ್, ಹೊಲಕ್ಕೆ ಪಹಣಿ, ಹೊಲಕ್ಕೆ ನಕ್ಷೆ. ಜನ ವಾಸ ಮಾಡುವ ಗಾಂವಠಾಣ ಮಾತ್ರ ನಕ್ಷೆಯಲ್ಲಿ ಬರೀ ಒಂದು ಮುದ್ದೆ. ಅದರೊಳಗೆ ಯಾರ ಗೋಡೆ ಎಲ್ಲಿಗೆ ಎಂಬುದು ಊರಿನ ಹಿರಿಯರ ಬಾಯಲ್ಲಿತ್ತು. ಆ ಹಿರಿಯರು ಯಾವ ಓಣಿಯವರು ಎಂದು ಬಿಡಿಸಿ ಹೇಳಬೇಕಿಲ್ಲ.

ಹೀಗಿದ್ದರೂ ವಾಡೆಗೆ ದಾಖಲೆಯ ಕೊರತೆ ಬೀಳಲಿಲ್ಲ. ವತನಿನ ಕಾಗದ, ಇನಾಮಿನ ಸನದು, ಭೂಮಿಯ ವ್ಯಾಜ್ಯ, ಪಡಸಾಲೆಯ ಗೋಡೆಗೆ ತೂಗುಹಾಕಿದ ಹಿರಿಯರ ಫೋಟೋ, ಬಾಗಿಲವಾಡದ ಮೇಲಿನ ಕೆತ್ತನೆ ಇವೆಲ್ಲ ಕೂಡಿ ಅದಕ್ಕೊಂದು ವಂಶಾವಳಿ ಒದಗಿಸುತ್ತವೆ. ಕೇರಿಯವನಿಗೆ ಹೊಲವಿಲ್ಲ, ಆದ್ದರಿಂದ ಪಹಣಿಯಿಲ್ಲ. ವಾಡೆಯಲ್ಲಿ ದುಡಿದ, ಆದರೆ ವಾಡೆಯೊಳಗೆ ಇರಲಿಲ್ಲ. ಇಂಗ್ಲೆಂಡಿನ ಕೆಲಸದವಳಂತೆ ಯಜಮಾನನ ಮನೆಯ ಪಟ್ಟಿಯಲ್ಲಿಯೂ ಅವನ ಹೆಸರು ಬರುವ ಸಂಭವವಿಲ್ಲ. ಅಸ್ಪೃಶ್ಯತೆ ಮುಟ್ಟದಂತೆ ತಡೆದಷ್ಟೇ ಬರೆಯದಂತೆಯೂ ತಡೆಯಿತು. ನಮ್ಮ ಇತಿಹಾಸಕಾರರು ಇದರ ಲೆಕ್ಕವನ್ನು ಇನ್ನೂ ಸರಿಯಾಗಿ ಹಾಕಿಲ್ಲ.

3

ನಮ್ಮ ಜಿಲ್ಲೆಯ ಒಂದು ಹಳೆಯ ಮನೆ ಈಗ ಮಣಿಪಾಲದಲ್ಲಿದೆ. ಅಲ್ಲಿಯ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಕುಕನೂರಿನ ಕಮಲ ಮಹಲ್ ನಿಂತಿದೆ. ಕ್ರಿ.ಶ. 1341ರದೆಂದು ಅದನ್ನು ಅಲ್ಲಿ ಗುರುತಿಸುತ್ತಾರೆ. ಕುಂಜೂರಿನ ಚೌಕಿ ಮನೆ, ಮಿಯಾರಿನ ಮನೆ, ಮುಧೋಳ ಅರಮನೆಯ ದರ್ಬಾರು ಹಾಲು ಇವೂ ಅದರ ನೆರೆಹೊರೆ. ವಿಜಯನಾಥ ಶೆಣೈ ಎಂಬ ಬ್ಯಾಂಕ್ ನೌಕರರು ಬಾಳಿನ ಬಹುಭಾಗವನ್ನು ಇದಕ್ಕೇ ಸವೆಸಿ 2017ರಲ್ಲಿ ತೀರಿಕೊಂಡರು. ಬಿಚ್ಚಿದ ಮನೆಗಳ ಕಂಬ, ತೊಲೆಗಳು ಮರದಂಗಡಿಗೆ ಹೋಗುತ್ತಿದ್ದ ಕಾಲದಲ್ಲಿ ಅವರು ಅವನ್ನು ಕೂಡಿಸಿ ಮತ್ತೆ ಎತ್ತಿ ನಿಲ್ಲಿಸಿದರು. ಆ ದುಡಿಮೆಯನ್ನು ಹಗುರ ಮಾಡುವ ಇರಾದೆ ನನಗಿಲ್ಲ. ಹಾಗೆಯೇ ಚೆನ್ನೈ ಹತ್ತಿರದ ಮುಟ್ಟುಕಾಡಿನಲ್ಲಿ 1996ರಲ್ಲಿ ತೆರೆದ ದಕ್ಷಿಣಚಿತ್ರದಲ್ಲಿ ನಮ್ಮ ಕುಷ್ಟಗಿಯ ನೆರೆಯ ಇಳಕಲ್ಲಿನ ನೇಕಾರರ ಮನೆ ಇದೆ. ಆನೆಗುಂದಿಯಲ್ಲಿ ಹಳೆಯ ಮನೆಗಳನ್ನು ದುರಸ್ತಿ ಮಾಡಿ ಪ್ರವಾಸಿಗರು ಉಳಿಯುವಂತೆ ಮಾಡಿದ್ದಾರೆ.

ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ವಿಮರ್ಶೆ ಇಲ್ಲಿಯೇ ಶುರುವಾಗಬೇಕು. ಮನೆ ಎಂದರೆ ಬರೀ ಕಂಬ, ಜಂತಿ, ಬಾಗಿಲವಾಡವಲ್ಲ. ಮನೆ ಒಂದು ಸಂಬಂಧಗಳ ಹಂದರ. ಯಾರು ಎಲ್ಲಿಯವರೆಗೆ ಬರಬಹುದು, ಎಲ್ಲಿ ನಿಲ್ಲಬೇಕು, ಎಲ್ಲಿ ಚಪ್ಪಲಿ ಬಿಡಬೇಕು, ಯಾರಿಗೆ ಮೇಲಿನಿಂದ ನೀರು ಹೊಯ್ಯಬೇಕು ಎಂಬುದನ್ನು ಮನೆಯ ಕಟ್ಟಡವೇ ನಿರ್ಧರಿಸುತ್ತದೆ. ಕುಕನೂರಿನಿಂದ ಮರ ಹೋಯಿತು, ಕಲ್ಲು ಹೋಯಿತು. ಆ ಮನೆಗೂ ಸುತ್ತಲಿನ ಓಣಿಗಳಿಗೂ ಇದ್ದ ಸಂಬಂಧ ಹೋಗಲಿಲ್ಲ. ಈಗ ಟಿಕೀಟು ತಗೊಂಡು ಯಾರು ಬೇಕಾದರೂ ಹಳೆಯ ಮಹಲಿನೊಳಗೆ ಅಡ್ಡಾಡಬಹುದು. ಸಂತೋಷ. ಆದರೆ ಅದೇ ಬಾಗಿಲಲ್ಲಿ ನಾನು ಹಿಂದೆ ಎಲ್ಲಿಯವರೆಗೆ ಬರಬಹುದಿತ್ತು ಎಂದು ಹೇಳುವ ಒಂದು ಗೆರೆಯಾದರೂ ಪಾರಂಪರಿಕ ಮನೆಗಳಲ್ಲಿ ಇರಬೇಡವೆ? ಮೈಲಿಗೆಯ ಗೆರೆ ಅಳಿಸಿದ ಮೇಲೆ ಉಳಿಯುವ ಪರಂಪರೆ ಬರೀ ಬಡಗಿಯ ಕುಸುರಿ. ಅದನ್ನು ಕೆತ್ತಿದ ಬಡಗಿಯ ಹೆಸರೂ ಸಾಮಾನ್ಯವಾಗಿ ಅಲ್ಲಿ ಇರುವುದಿಲ್ಲ, ಆ ಮಾತು ಬೇರೆ.

4

ಆ ಗೆರೆ ಎಲ್ಲಿತ್ತು ಎಂಬುದಕ್ಕೆ ನನ್ನ ಹತ್ತಿರ ಕಾಗದವಿಲ್ಲ. ಮನೆಯಲ್ಲಿ ಕೇಳಿದ ಮಾತಿದೆ.

ನಮ್ಮ ಕಡೆಯ ಹಳೆಯ ಮನೆಗಳು ಮೇಲ್ಮುದ್ದಿಯವು. ತೊಲೆಯ ಮೇಲೆ ಜಂತಿ, ಅದರ ಮೇಲೆ ಕಟ್ಟಿಗೆಯ ತುಂಡು, ಸೊಪ್ಪುಸದೆ, ಅದರ ಮೇಲೆ ಮಣ್ಣು. ವರ್ಷಾ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಸವಳು ಮಣ್ಣು ಹಾಕಿ ಬಡಿಯದಿದ್ದರೆ ಎಂಥ ವಾಡೆಯಾದರೂ ಸೋರುತ್ತದೆ. ನಮ್ಮಜ್ಜ ಬೇಸಿಗೆಯ ಕೊನೆಗೆ ಒಂದು ದೊಡ್ಡ ಮನೆಯ ಮಾಳಿಗೆಗೆ ಮಣ್ಣು ಹೊರುತ್ತಿದ್ದ. ಹೊರಗಿನಿಂದ ನಿಚ್ಚಣಿಕೆ ಹಚ್ಚಿ ಹತ್ತುವುದು, ಹೊರಗಿನಿಂದಲೇ ಇಳಿಯುವುದು. ಒಳಗಿನ ಮೆಟ್ಟಿಲು ಅವನಿಗಿಲ್ಲ. ಹೀಗೆ ದೇವರ ಕೋಣೆಯ ನೆತ್ತಿಯ ಮೇಲೆ ನಿಂತು ಮಣ್ಣು ತುಳಿದ ಕಾಲು, ಕೆಳಗೆ ಅದೇ ಕೋಣೆಯ ಮುಂದಿನ ಪಡಸಾಲೆಗೆ ಬಂದರೆ ಮೈಲಿಗೆ.

ಇನ್ನು ಹಗೇವು. ಮನೆಯ ಮುಂದೆ ನೆಲದೊಳಗೆ ಜೋಳ ತುಂಬಿಡುವ ಗುಂಡಿ. ಬಹಳ ದಿನ ಮುಚ್ಚಿದ ಹಗೇವು ತೆರೆದರೆ ಒಳಗಿನ ಕೆಟ್ಟ ಗಾಳಿಗೆ ಉಸಿರು ಕಟ್ಟುತ್ತದೆ. ಕಂದೀಲು ಇಳಿಬಿಟ್ಟು, ದೀಪ ಆರದಿದ್ದರೆ ಮನುಷ್ಯ ಇಳಿಯಬೇಕು. ಇಳಿಯುತ್ತಿದ್ದ ಮನುಷ್ಯ ನಮ್ಮಜ್ಜನ ತಮ್ಮ. ‘ಅವ್ರ ಜ್ವಾಳಾ ಮುಟ್ಟಿದ್ರ ನಡೀತಿತ್ತು, ಅವ್ರ ರೊಟ್ಟಿ ಮುಟ್ಟಿದ್ರ ನಡೀತಿದ್ದಿಲ್ಲ’ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಆಕೆ ಅಂಗಳ ಸಾರಿಸಿದಾಕಿ. ಸೆಗಣಿಯ ಗೆರೆ ಹೊಸ್ತಿಲಿನ ಬುಡಕ್ಕೆ ಬಂದಲ್ಲಿ ಆಕೆಯ ಕೆಲಸ ಮುಗಿಯಿತು. ಮನೆಯ ನೆತ್ತಿಗೂ ನಾವು, ಮನೆಯ ತಳಕ್ಕೂ ನಾವು. ನಡುವೆ ಮನುಷ್ಯರು ಕೂತು ಮಾತಾಡುವ ಜಾಗ ಮಾತ್ರ ನಮ್ಮದಲ್ಲ. ಮನೆಯ ಚರಿತ್ರೆ ಬರೆಯುವವರು ಈ ಅಡ್ಡಕೊಯ್ತದ ನಕ್ಷೆಯನ್ನು ಒಮ್ಮೆ ಬರೆದು ನೋಡಬೇಕು.

ಕೇರಿಯ ಮನೆಯೂ ಮಣ್ಣಿನದೇ. ಆದರೆ ಕಲ್ಲಿನ ಬುನಾದಿಯಿಲ್ಲ, ಸಾಗವಾನಿ ತೊಲೆಯಿಲ್ಲ. ಎರಡು ದೊಡ್ಡ ಮಳೆಗೆ ಗೋಡೆ ಕೂತುಬಿಡುತ್ತಿತ್ತು. ಬಿದ್ದ ಗೋಡೆಯ ಮಣ್ಣನ್ನೇ ಕಲಸಿ ಮತ್ತೆ ಕಟ್ಟುತ್ತಿದ್ದರು. ಅದೇ ಮಣ್ಣು, ಅದೇ ಜಾಗ, ಗೋಡೆ ಮಾತ್ರ ಹೊಸದು. ಇದನ್ನು ಎಷ್ಟು ವರ್ಷದ ಮನೆ ಅನ್ನಬೇಕು? ಕಟ್ಟಡವನ್ನು ನೋಡಿ ವಯಸ್ಸು ಹೇಳುವವರಿಗೆ ಇದು ಹತ್ತು ವರ್ಷದ್ದು. ಜಾಗವನ್ನೂ ಮಣ್ಣನ್ನೂ ನೋಡುವವರಿಗೆ ನೂರಾರು ವರ್ಷದ್ದು. ‘ಹಳೆಯ ಮನೆ’ ಎಂಬ ಕಲ್ಪನೆಯೇ ಬೀಳದೆ ನಿಲ್ಲುವ ಶಕ್ತಿಯಿದ್ದವರ ಕಲ್ಪನೆ.

5

ಸರಿ, ಇದನ್ನೆಲ್ಲ ಯಾಕೆ ಎತ್ತಬೇಕು? ನಮ್ಮಕ್ಕನ ಮಗ ಗಿಣಿಗೇರಾದ ಸುತ್ತಿನ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೂಲಿ. ಈ ಸರಣಿಯನ್ನು ಮೊಬೈಲಿನಲ್ಲಿ ನನ್ನ ಜೊತೆ ಕೂತು ನೋಡಿದವನು ನೇರ ಕೇಳಿದ: ‘ಯಾಕ ಬೇಕು ಮಾವ ನಮಗ ಈ ಹಳೇ ಮನಿ ಕಥಿ? ಸೋರಿದ್ದು ಸಾಕಾಗಿಲ್ಲೇನು? ಆರ್‌ಸಿಸಿ ಹಾಕ್ಸೀವಿ, ಅದರ ಮ್ಯಾಲೆ ಕರಿ ಧೂಳ ಬೀಳತೈತಿ, ಆದ್ರ ಸೋರೂದಿಲ್ಲ.’

ಈ ಮಾತನ್ನು ಸುಮ್ಮನೆ ತಳ್ಳಿಹಾಕಬಾರದು. ಮಣ್ಣಿನ ಮನೆಯ ತಂಪು, ಹಳೆಯ ಕಾಲದ ಸೊಗಸು ಎಂದು ಹಳಹಳಿಸುವವರು ಬಹಳ ಮಾಡಿ ಅದರೊಳಗೆ ಮಳೆಗಾಲ ಕಳೆದವರಲ್ಲ. ನಮ್ಮ ಹುಡುಗರು ಸಿಮೆಂಟನ್ನು ಬಯಸುವುದರಲ್ಲಿ ಮಾನದ ಪ್ರಶ್ನೆಯಿದೆ. ಆದರೆ ಹಳಹಳಿಕೆ ಬೇರೆ, ಪುರಾವೆ ಬೇರೆ. ನಮಗೆ ಚರಿತ್ರೆ ಬೇಕಾಗಿರುವುದು ಪುರಾವೆಗಾಗಿ. ಯಾಕೆಂದರೆ ಕೇರಿಯ ಮನೆಗೆ ಈ ದೇಶದಲ್ಲಿ ದಾಖಲೆ ಹುಟ್ಟುವುದು ಬಹುಮಟ್ಟಿಗೆ ಎರಡೇ ಸಂದರ್ಭದಲ್ಲಿ. ಒಂದು, ಸರ್ಕಾರ ಜನತಾ ಮನೆ, ಆಶ್ರಯ ಮನೆ ಎಂದು ಕೊಟ್ಟು ಹಕ್ಕುಪತ್ರ ಬರೆದಾಗ. ಇನ್ನೊಂದು, ಮನೆಗೆ ಬೆಂಕಿ ಬಿದ್ದಾಗ.

ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್ 28ರಂದು ದಲಿತರ ಗುಡಿಸಲುಗಳಿಗೆ ಬೆಂಕಿ ಹಚ್ಚಿದರು. ಕ್ಷೌರದಂಗಡಿಗೆ, ಹೋಟೆಲಿಗೆ ಪ್ರವೇಶ ಬೇಕೆಂದು ಕೇಳಿದ್ದರ ಹಿನ್ನೆಲೆ ಅದಕ್ಕಿತ್ತು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ಜಿಲ್ಲಾ ನ್ಯಾಯಾಲಯ 98 ಜನರಿಗೆ ಜೀವಾವಧಿ, ಮೂವರಿಗೆ ಐದು ವರ್ಷದ ಶಿಕ್ಷೆ ಕೊಟ್ಟಿತು. ಮುಂದಿನ ತಿಂಗಳಲ್ಲಿ ಹೈಕೋರ್ಟಿನ ಧಾರವಾಡ ಪೀಠದಿಂದ ಅವರಲ್ಲಿ ಹೆಚ್ಚಿನವರಿಗೆ ಜಾಮೀನು ಸಿಕ್ಕಿತು. ತೀರ್ಪಿನ ದೊಡ್ಡ ಸಂಖ್ಯೆ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ನಾನು ಯೋಚಿಸುವುದು ಆ ಗುಡಿಸಲುಗಳನ್ನು. ಸುಟ್ಟ ಮನೆಯ ಮುಂದೆ ಮಹಜರು ಬರೆಯುವಾಗ ಗೋಡೆ ಯಾವುದರದು, ಛಾವಣಿ ಯಾವುದರದು, ಒಳಗೆ ಏನೇನಿತ್ತು ಎಂದು ಪೊಲೀಸರು ಬರೆದುಕೊಳ್ಳಬೇಕಾಗುತ್ತದೆ. ಕೇರಿಯ ಒಂದು ಮನೆಯೊಳಗೆ ಏನಿತ್ತು ಎಂದು ಸರ್ಕಾರ ವಿವರವಾಗಿ ಕೇಳುವುದು ಅದು ಬೂದಿಯಾದ ಮೇಲೆ. ವಾಡೆಗೆ ಸನದು, ನಮಗೆ ಮಹಜರು.

ಅದೇ ಗಂಗಾವತಿ ಸೀಮೆಯಲ್ಲಿ ಹಿರೇಬೆಣಕಲ್ ಗುಡ್ಡವಿದೆ. ಸಾವಿರಾರು ವರ್ಷದ ಹಿಂದಿನ ಶಿಲಾಸಮಾಧಿಗಳು ಅಲ್ಲಿ ನೂರಾರು ನಿಂತಿವೆ. ಕಲ್ಲುಚಪ್ಪಡಿ ಆನಿಸಿ ಮೇಲೊಂದು ಚಪ್ಪಡಿ ಮುಚ್ಚಿದ ಅವುಗಳನ್ನು ಜನ ‘ಮೋರ್ಯರ ಮನೆ’ ಎನ್ನುತ್ತಾರೆ. 2021ರಲ್ಲಿ ಅದು ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು. ಸೇರಬೇಕಾದದ್ದೇ. ಒಂದೇ ಸೀಮೆಯಲ್ಲಿ ಸತ್ತವರ ಮನೆಗೆ ಜಗತ್ತಿನ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಬದುಕಿದ್ದವರ ಮನೆ ಆರೋಪಪಟ್ಟಿಯಲ್ಲಿ ಉಳಿಯಿತು.

6

ಟಿ.ವಿ. ಬಗ್ಗೆಯೂ ಒಂದು ಮಾತು. ನಮ್ಮ ಭಾಗಕ್ಕೆ ಟಿ.ವಿ. ಬೆಂಗಳೂರಿಗಿಂತ ಮೊದಲು ಬಂತು ಎಂದರೆ ಈಗಿನವರು ನಂಬುವುದಿಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ‘ಸೈಟ್’ ಎಂಬ ಉಪಗ್ರಹ ಪ್ರಯೋಗ ನಡೆಯಿತು. ಆರು ರಾಜ್ಯಗಳ 2400 ಹಳ್ಳಿಗಳಲ್ಲಿ ಸಾರ್ವಜನಿಕ ಟಿ.ವಿ. ಇಟ್ಟರು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳನ್ನು. 1977ರಲ್ಲಿ ಗುಲ್ಬರ್ಗಾ ದೂರದರ್ಶನ ಕೇಂದ್ರವಾಯಿತು, ಬೆಂಗಳೂರಿನದು 1981ರಲ್ಲಿ. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ ಹೇಳಿಕೊಡುವ ಕಾರ್ಯಕ್ರಮಗಳು. ಪೆಟ್ಟಿಗೆ ಇಡುತ್ತಿದ್ದದ್ದು ಸಾಲೆಯಲ್ಲೋ ಪಂಚಾಯತಿಯಲ್ಲೋ. ಮೊಗ್ಗಲ ಊರಿಗೆ ನಡೆದು ಹೋಗಿ ನೋಡಿ ಬರುತ್ತಿದ್ದ ನಮ್ಮ ದೊಡ್ಡಪ್ಪ, ‘ನಾವು ಕಿಟಕ್ಯಾಗಿಂದ ನೋಡಿವಿ’ ಎನ್ನುತ್ತಿದ್ದ. ಟಿ.ವಿ.ಗೂ ಹೊಸ್ತಿಲಿತ್ತು. ಹಳೆಯ ಮನೆಗಳ ಬಗ್ಗೆ ಇನ್ನೊಂದು ಕಾರ್ಯಕ್ರಮ ಮಾಡುವ ಮೊದಲು, ಕ್ಯಾಮೆರಾ ಹಿಡಿದವರು ತಾವು ಯಾವ ಬದಿಗೆ ನಿಂತಿದ್ದೇವೆ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಬಾಬಾಸಾಹೇಬರ ಬದುಕನ್ನೇ ಮನೆಗಳ ಕಥೆಯಾಗಿ ಓದಬಹುದು. 1917ರಲ್ಲಿ ಬರೋಡದಲ್ಲಿ ದೊಡ್ಡ ಓದು ಓದಿ ಬಂದ ಅಧಿಕಾರಿಗೆ ಇರಲು ಒಂದು ಮನೆ ಸಿಗಲಿಲ್ಲ. ಜಾತಿ ಗೊತ್ತಾದ ಮೇಲೆ ಪಾರ್ಸಿ ಛತ್ರದಿಂದ ಹೊರಗೆ ಹಾಕಿದರು. ಅದೇ ಮನುಷ್ಯ ಮುಂದೆ ಮುಂಬಯಿಯ ದಾದರಿನಲ್ಲಿ ರಾಜಗೃಹ ಕಟ್ಟಿಸಿದರು, ಪುಸ್ತಕಗಳಿಗೆ ಜಾಗ ಬೇಕೆಂದು. ಅವರು 1921-22ರಲ್ಲಿ ಇದ್ದ ಲಂಡನ್ನಿನ ಮನೆಯನ್ನು ಮಹಾರಾಷ್ಟ್ರ ಸರ್ಕಾರ 2015ರಲ್ಲಿ ಕೊಂಡು ಸ್ಮಾರಕ ಮಾಡಿತು. 2020ರ ಜುಲೈನಲ್ಲಿ ರಾಜಗೃಹದ ಅಂಗಳಕ್ಕೆ ನುಗ್ಗಿ ಕಿಡಿಗೇಡಿಗಳು ಹೂಕುಂಡ, ಕಿಟಕಿ ಒಡೆದರು. ದಲಿತನೊಬ್ಬನ ಮನೆಗೆ ಚರಿತ್ರೆ ಬಂದಾಗಲೂ ಅದರ ಗಾಜಿಗೆ ಕಲ್ಲು ತಪ್ಪಲಿಲ್ಲ.

7

ಈಗ ಒಂದು ಅವಸರದ ಕೆಲಸವಿದೆ. 2020ರ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರ ಸ್ವಾಮಿತ್ವ ಯೋಜನೆ ಆರಂಭಿಸಿತು. ಗಾಂವಠಾಣದ ಮನೆಗಳನ್ನು ಡ್ರೋನಿನಿಂದ ಅಳೆದು ಆಸ್ತಿಯ ಕಾರ್ಡು ಕೊಡುವ ಯೋಜನೆ. ಪಂಚಾಯತಿಯಲ್ಲಿ ಇ-ಸ್ವತ್ತಿನ ಫಾರಂಗಳೂ ಇವೆ. ಮುದ್ದೆಯಾಗಿದ್ದ ಗಾಂವಠಾಣ ಕೊನೆಗೂ ಒಂದೊಂದು ಮನೆಯಾಗಿ ಒಡೆಯುತ್ತಿದೆ. ಡ್ರೋನಿಗೆ ಮಾಳಿಗೆ ಕಾಣುತ್ತದೆ. ಹೊಸ್ತಿಲು ಕಾಣುವುದಿಲ್ಲ, ಆ ಜಾಗದಲ್ಲಿ ಎಷ್ಟು ತಲೆಮಾರು ಇದ್ದವು ಎಂಬುದೂ ಕಾಣುವುದಿಲ್ಲ. ಆ ಗೆರೆ ಕಾಗದಕ್ಕೆ ಬಿದ್ದು ಗಟ್ಟಿಯಾಗುವ ಮುಂಚೆ ನಮ್ಮ ಮಾತೂ ಕಾಗದಕ್ಕೆ ಬೀಳಬೇಕು.

ಹಾಗಾಗಿ ಕಾಲೇಜು ಓದುವ ನಮ್ಮ ಹುಡುಗ ಹುಡುಗಿಯರಿಗೆ ನನ್ನ ಸೂಚನೆ ಇಷ್ಟು. ವಾಡೆಯ ಚರಿತ್ರೆ ಬರೆಯುವುದಾದರೆ ಹಿತ್ತಲಿನಿಂದ ಶುರು ಮಾಡಿರಿ. ಮಾಳಿಗೆಗೆ ಮಣ್ಣು ಹೊತ್ತವರು ಯಾರು, ಹಗೇವಿಗೆ ಇಳಿದವರು ಯಾರು, ಸತ್ತ ದನ ಎಳೆದವರು ಯಾರು, ಅವರಿಗೆ ಏನು ಕೊಟ್ಟರು ಎಂದು ಕೇಳಿರಿ. ಕೇರಿಯ ಚರಿತ್ರೆ ಬರೆಯುವುದಾದರೆ ಗೋಡೆಯನ್ನು ನಂಬಬೇಡಿರಿ, ಜಾಗವನ್ನು ನಂಬಿರಿ. ಬಾವಿ ಎಲ್ಲಿತ್ತು, ದ್ಯಾಮವ್ವನ ಕಲ್ಲು ಎಲ್ಲಿತ್ತು, ಹೆಣ ಯಾವ ದಾರಿಯಲ್ಲಿ ಹೋಗುತ್ತಿತ್ತು ಎಂಬುದು ಊರಿಗೆ ಒಪ್ಪಿಗೆಯಾದ ಸಾಕ್ಷಿ. ಮುದುಕಿಯರನ್ನು ಮೊದಲು ಕೇಳಿರಿ. ಬಿದ್ದ ಗೋಡೆಯನ್ನು ಮೆತ್ತಿದವರು ಅವರೇ, ಮನೆ ಮಾತ್ರ ಗಂಡಸಿನ ಹೆಸರಿನಲ್ಲಿ. ಹಾಗೆಯೇ ನಮ್ಮೊಳಗಿನ ಹೊಸ್ತಿಲುಗಳನ್ನೂ ಬರೆಯಿರಿ. ಮಾದಿಗರ ಓಣಿಗೂ ಚಲವಾದಿಗಳ ಓಣಿಗೂ ನಡುವೆ ಒಬ್ಬರ ನೀರು ಇನ್ನೊಬ್ಬರಿಗೆ ಆಗದ ದಿನಗಳಿದ್ದವು. ಅದನ್ನು ಮುಚ್ಚಿಟ್ಟು ಬರೆದರೆ ನಾವೂ ವಾಡೆಯವರ ಹಾಗೆ ವಂಶಾವಳಿ ಬರೆದಂತಾಗುತ್ತದೆ.

ಬ್ರಿಸ್ಟಲ್ಲಿನ ಆ ಮನೆಯಲ್ಲಿ ಒಲುಸೋಗ ಕೇಳಿದ ಪ್ರಶ್ನೆಗೆ ಮುನ್ನೂರು ವರ್ಷದ ಮೇಲಾದರೂ ಉತ್ತರ ಸಿಕ್ಕಿತು, ಯಾಕೆಂದರೆ ಗುಲಾಮರನ್ನು ಸಾಗಿಸಿದವರು ಹಡಗಿನ ಲೆಕ್ಕ ಬರೆದಿಟ್ಟಿದ್ದರು. ನಮ್ಮ ಬಿಟ್ಟಿ ಚಾಕರಿಯ ಲೆಕ್ಕವನ್ನು ಯಾರೂ ಬರೆದಿಟ್ಟಿಲ್ಲ. ಮಾಳಿಗೆ ಹತ್ತಿದವರ ಕೊನೆಯ ತಲೆಮಾರು ಇನ್ನೂ ಕೆಲವು ಊರುಗಳ ಕಟ್ಟೆಯ ಮೇಲೆ ಕೂತಿದೆ. ಅವರ ಹತ್ತಿರ ಹೋಗಲು ಯಾರ ಟಿ.ವಿ.ಯ ಅಪ್ಪಣೆಯೂ ಬೇಕಿಲ್ಲ. ಒಂದು ನೋಟುಪುಸ್ತಕ ಸಾಕು.